ನೀಲಿ ಮೊಟ್ಟೆ ಇಡೋ ಕೋಳಿ: ಪ್ಯೂರ್ ಬ್ರೀಡ್ ಗುರುತು ಹಿಡಿಯೋದು, ತರೋದು, ಸಾಕೋದು ಹೇಗೆ

ಪ್ರತಿ ವರ್ಷ ಚಳಿ ಮುಗೀತಾ ಬಂದಂಗೆ ಇಲ್ಲಿ ಅಮೆರಿಕಾದಲ್ಲಿ ಪ್ರಾಣಿಗಳ ಆಹಾರ ಮಾರೋ ಫೀಡ್ ಸ್ಟೋರ್‌ಗಳಲ್ಲಿ ಕೋಳಿಮರಿ ಮಾರಾಟ ಶುರುವಾಗತ್ತೆ, ಅದರ ಹಿಂದೇನೇ ನನಗೆ ಅದೇ ಪ್ರಶ್ನೆಗಳೂ ಬರೋಕೆ ಶುರು. "ನೀಲಿ ಮೊಟ್ಟೆ ಇಡೋ ಕೋಳಿ ಅಂತ ತಂದ್ವಿ, ಹಸಿರು ಇಡ್ತಿದೆ, ಯಾಕೆ?" "ಅಮೆರಾಕಾನಾ ತಳಿ ಅಂತ ಬೋರ್ಡ್ ಹಾಕಿದ್ರು, ನಿಜವಾಗ್ಲೂ ಅದೇನಾ?" ಊರಿಂದ ಫೋನ್ ಮಾಡೋರು ಬೇರೆ, "ಅಲ್ಲಿಂದ ನಾಲ್ಕು ಮೊಟ್ಟೆ ತಂದ್ಕೊಡಿ, ಇಲ್ಲಿ ಮರಿ ಮಾಡಿಸ್ತೀವಿ" ಅಂತ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯೋ ಬದಲು ಎಲ್ಲಾನೂ ಇಲ್ಲೇ ಹಂತ ಹಂತವಾಗಿ ಬರೀತಿದೀನಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಮೊಟ್ಟೆ ನೀಲಿ ಇದೆ ಅಂದ ಮಾತ್ರಕ್ಕೆ ಕೋಳಿ ಪ್ಯೂರ್ ಅಲ್ಲ. ನೀಲಿ ಬಣ್ಣ ಒಂದೇ ಒಂದು ಜೀನ್‌ನ ಕೆಲಸ, ತಳಿ ಅನ್ನೋದು ಜುಟ್ಟು, ಕಾಲು, ಗಡ್ಡ, ಬಾಲ, ಮೈಕಟ್ಟು ಎಲ್ಲಾ ಸೇರಿ ಆಗೋದು, ಅದಕ್ಕೇ ಮೊಟ್ಟೆ ಒಂದನ್ನೇ ನೋಡಿ ದುಡ್ಡು ಕೊಟ್ಟೋರು ಮೋಸ ಹೋಗ್ತಾನೇ ಇರ್ತಾರೆ.

ಹಂತ 1: ನೀಲಿ ಬಣ್ಣ ಎಲ್ಲಿಂದ ಬರತ್ತೆ ಅಂತ ತಿಳ್ಕೊಳ್ಳಿ

ಇದು ಗೊತ್ತಿದ್ರೆ ಮುಂದಿನ ಅರ್ಧ ಗೊಂದಲ ಕಮ್ಮಿ ಆಗತ್ತೆ. ಮೊಟ್ಟೆ ಸಿಪ್ಪೆಗೆ ನೀಲಿ ಕೊಡೋ ಬಣ್ಣದ ವಸ್ತು ಬಿಲಿವರ್ಡಿನ್, ಪಿತ್ತದಲ್ಲೂ ಇರೋ ಹಸಿರು-ನೀಲಿ ವಸ್ತು ಅದು. ನಮ್ಮ ನಾಟಿ ಕೋಳಿಗಳ ಮೊಟ್ಟೆಗೆ ಕಂದು ಕೊಡೋದು ಪ್ರೋಟೋಪೋರ್ಫಿರಿನ್ ಅನ್ನೋ ಬೇರೆ ವಸ್ತು. ಮುಖ್ಯ ವ್ಯತ್ಯಾಸ ಏನಪ್ಪಾ ಅಂದ್ರೆ ಕಂದು ಬಣ್ಣ ಹೆಚ್ಚಾಗಿ ಕೊನೇಲಿ ಸಿಪ್ಪೆ ಮೇಲೆ ಬಳ್ಕೊಳ್ಳತ್ತೆ, ನೀಲಿ ಮಾತ್ರ ಸಿಪ್ಪೆ ಪೂರ್ತಿ ಇಳಿದಿರತ್ತೆ. ಒಂದು ನೀಲಿ ಮೊಟ್ಟೆ ಒಡೆದು, ಒಳಗಿನ ಬಿಳಿ ಪೊರೆಯನ್ನ ಉಗುರಲ್ಲಿ ಮೆಲ್ಲಗೆ ಬಿಡಿಸಿ, ಸಿಪ್ಪೆಯ ಒಳಮೈ ಬೆಳಕಿಗೆ ಹಿಡಿದು ನೋಡಿ, ಒಳಗೂ ಅದೇ ತಿಳಿ ನೀಲಿ ಕಾಣ್ಸತ್ತೆ. ಕಂದು ಮೊಟ್ಟೆ ಒಳಗೆ ಬೆಳ್ಳಗಿರತ್ತೆ. ಹಸಿರು ಮೊಟ್ಟೆ ಒಡೆದ್ರೆ ಒಳಗೆ ನೀಲಿ! ಯಾಕಂದ್ರೆ ಹಸಿರು ಅನ್ನೋದು ನೀಲಿ ಸಿಪ್ಪೆ ಮೇಲೆ ಕಂದು ಬಳಿದಿದ್ದು, ಅಷ್ಟೇ. ಅಂದ್ರೆ ಹಸಿರು ಮೊಟ್ಟೆ ಇಡೋ ಕೋಳಿ ವಂಶದಲ್ಲಿ ಕಂದು ಮೊಟ್ಟೆಯ ಕೋಳಿ ಯಾವುದೋ ಸೇರಿದೆ ಅಂತ ಅರ್ಥ.

ಈ ಜೀನ್‌ ಬಗ್ಗೆ 2013ರಲ್ಲಿ ಚೀನಾದವರು ಮತ್ತೆ ಬ್ರಿಟನ್ನಿನವರು ಬೇರೆ ಬೇರೆಯಾಗಿ ಸಂಶೋಧನೆ ಪ್ರಕಟ ಮಾಡಿದ್ರು. ಹಿಂದೆ ಯಾವಾಗ್ಲೋ ಒಂದು ವೈರಸ್ ತುಣುಕು ಕೋಳಿಯ ಡಿಎನ್‌ಎ ಒಳಗೆ ಸೇರ್ಕೊಂಡು ಅಲ್ಲೇ ಉಳಿದುಬಿಟ್ಟಿದೆ, ಅದು ಪಕ್ಕದ ಒಂದು ಜೀನನ್ನ ಮೊಟ್ಟೆ ಸಿಪ್ಪೆ ತಯಾರಾಗೋ ಜಾಗದಲ್ಲಿ ಚಾಲೂ ಮಾಡ್ತಿದೆ. ದಕ್ಷಿಣ ಅಮೆರಿಕಾದ ಕೋಳಿಗಳಲ್ಲಿ ಒಮ್ಮೆ, ಚೀನಾದ ಕೋಳಿಗಳಲ್ಲಿ ಇನ್ನೊಮ್ಮೆ, ಹೀಗೆ ಎರಡು ಕಡೆ ಪ್ರತ್ಯೇಕವಾಗಿ ಇದು ಆಗಿದೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯದ ವಿಷಯ. ಕೋಳಿಗೆ ಅದರಿಂದ ತೊಂದ್ರೆ ಇಲ್ಲ, ತಿನ್ನೋರಿಗೂ ಇಲ್ಲ.

ಇದು ಡಾಮಿನೆಂಟ್ ಜೀನ್, ಅಂದ್ರೆ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದ್ರೂ ಸಾಕು ಮೊಟ್ಟೆ ನೀಲಿ ಅಥವಾ ಹಸಿರು ಆಗತ್ತೆ. ಎರಡೂ ಕಡೆಯಿಂದ ಬಂದಿದ್ರೆ "ಎರಡು ಪ್ರತಿ" ಇದೆ ಅಂತೀವಿ, ಒಂದೇ ಕಡೆಯಿಂದ ಆದ್ರೆ "ಒಂದು ಪ್ರತಿ". ಈ ಎರಡು ಮಾತು ನೆನಪಿಟ್ಕೊಳ್ಳಿ, ಹಂತ 6ರಲ್ಲಿ ಬೇಕಾಗತ್ತೆ.

ಇನ್ನು ಒಂದು ತಪ್ಪು ನಂಬಿಕೆ: ನೀಲಿ ಮೊಟ್ಟೆಯಲ್ಲಿ ಕೊಲೆಸ್ಟ್ರಾಲ್ ಕಮ್ಮಿ, ಪ್ರೋಟೀನ್ ಜಾಸ್ತಿ ಅಂತ ಹೇಳಿ ಹೆಚ್ಚು ರೇಟಿಗೆ ಮಾರ್ತಾರೆ. ಸುಳ್ಳು. ಸಿಪ್ಪೆ ಬಣ್ಣಕ್ಕೂ ಒಳಗಿನ ಸತ್ವಕ್ಕೂ ಸಂಬಂಧ ಇಲ್ಲ, ಏನು ತಿನ್ನಿಸ್ತೀರ ಅದರ ಮೇಲೆ ನಿಂತಿರತ್ತೆ. ಹಾಗೇ ಯಾವ ಆಹಾರ ಕೊಟ್ರೂ ಬಿಳಿ ಮೊಟ್ಟೆ ಕೋಳಿ ನೀಲಿ ಇಡಲ್ಲ.

ಹಂತ 2: ಯಾವ ತಳಿಗಳಿವೆ ಅಂತ ಗುರುತಿಟ್ಕೊಳ್ಳಿ

ಅರೌಕಾನಾ: ಮೂಲ ಚಿಲಿ ದೇಶದ್ದು, ಅಲ್ಲಿನ ಮಾಪುಚೆ ಜನ ಸಾಕ್ತಿದ್ದ ಕೋಳಿಗಳಿಂದ ಬಂದಿದ್ದು. ಸ್ಪೇನಿನ ಸಾಲ್ವಡಾರ್ ಕಾಸ್ಟೆಯೋ ಅನ್ನೋ ಕೋಳಿ ತಜ್ಞರು 1914ರಲ್ಲಿ ಚಿಲಿಯಲ್ಲಿ ಇವನ್ನ ನೋಡಿ, 1921ರಲ್ಲಿ ಹೇಗ್‌ನಲ್ಲಿ ನಡೆದ ವಿಶ್ವ ಕೋಳಿ ಸಮ್ಮೇಳನದಲ್ಲಿ ಪರಿಚಯ ಮಾಡಿಸಿದ್ರು, ಆಮೇಲೇ ಹೊರಗಿನ ಜಗತ್ತಿಗೆ ಇದರ ಹುಚ್ಚು ಹಿಡಿದಿದ್ದು. ಅಮೆರಿಕಾದ ಅರೌಕಾನಾಗೆ ಬಾಲಾನೇ ಇರಲ್ಲ, ಬೆನ್ನು ದುಂಡಗೆ ಇಳಿದು ಹಿಂದೆ ಪುಕ್ಕದ ಗುಡ್ಡೆ ತರ ಮುಗಿಯತ್ತೆ. ಕಿವಿ ಪಕ್ಕದಿಂದ ಎರಡು ಕಡೆ ಪುಕ್ಕದ ಕುಚ್ಚು ಚಾಚ್ಕೊಂಡಿರತ್ತೆ. ಬ್ರಿಟನ್, ಆಸ್ಟ್ರೇಲಿಯಾದಲ್ಲಿರೋ ಓದುಗರು ಗಮನಿಸಿ, ನಿಮ್ಮ ಕಡೆ ಅರೌಕಾನಾ ಅಂದ್ರೆ ಸಾಮಾನ್ಯವಾಗಿ ಬಾಲ ಇರೋ, ಗಡ್ಡ ಇರೋ ಕೋಳಿ, ಅದನ್ನ ನೋಡಿ ನಕಲಿ ಅನ್ಕೋಬೇಡಿ.

ಅಮೆರಾಕಾನಾ: ಅರೌಕಾನಾ ಕಡೆಯ ನೀಲಿ ಮೊಟ್ಟೆ ಜೀನ್ ಇಟ್ಕೊಂಡು, ಬಾಲ ಇಲ್ಲದ್ದು, ಕಿವಿ ಕುಚ್ಚು ಇದನ್ನೆಲ್ಲಾ ಬಿಟ್ಟು ಅಮೆರಿಕಾದಲ್ಲಿ ಬೆಳೆಸಿದ ತಳಿ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಅರೌಕಾನಾನ 1976ರಲ್ಲಿ, ಇದನ್ನ 1984ರಲ್ಲಿ ತಮ್ಮ ಸ್ಟ್ಯಾಂಡರ್ಡ್‌ಗೆ ಸೇರಿಸಿದ್ರು. ಸ್ಟ್ಯಾಂಡರ್ಡ್ ಅಂದ್ರೆ ಒಂದು ತಳಿ ಹೀಗೀಗೇ ಇರ್ಬೇಕು ಅನ್ನೋ ಲಿಖಿತ ವಿವರಣೆ, ಪ್ಯೂರ್ ಅಂತ ಹೇಳೋಕೆ ಇದೇ ಅಳತೆಗೋಲು.

ಕ್ರೀಮ್ ಲೆಗ್‌ಬಾರ್: ಕೇಂಬ್ರಿಡ್ಜ್‌ನಲ್ಲಿ 1930ರ ದಶಕದಲ್ಲಿ ರೆಜಿನಾಲ್ಡ್ ಪನೆಟ್ ಮತ್ತೆ ಮೈಕೆಲ್ ಪೀಸ್ ಮಾಡಿದ ಕೆಲಸದಿಂದ ಹುಟ್ಟಿದ್ದು, ಶಾಲೆಯ ಬಯಾಲಜಿಯಲ್ಲಿ ಪನೆಟ್ ಚೌಕ ಓದಿರ್ತೀರಲ್ಲ, ಅದೇ ಪನೆಟ್. ಲೆಗ್‌ಹಾರ್ನ್, ಪ್ಲಿಮತ್ ರಾಕ್, ಚಿಲಿಯ ನೀಲಿ ಮೊಟ್ಟೆ ಕೋಳಿ ಎಲ್ಲಾ ಸೇರಿದೆ. ಹೊಸಬರಿಗೆ ನಾನು ಮೊದಲು ಹೇಳೋದು ಇದನ್ನೇ, ಕಾರಣ ಮುಂದೆ ಬರತ್ತೆ.

ಚೀನಾದಲ್ಲಿ ಡೊಂಗ್‌ಶಿಯಾಂಗ್, ಲುಶಿ ಅನ್ನೋ ನೀಲಿ ಮೊಟ್ಟೆ ತಳಿಗಳಿವೆ, ಆದ್ರೆ ಇಲ್ಲಿ ಸಿಗೋದು ಅಪರೂಪ.

ಈಸ್ಟರ್ ಎಗ್ಗರ್: ಇದು ತಳಿಯೇ ಅಲ್ಲ! ನೀಲಿ ಜೀನ್ ಇರೋ ಮಿಶ್ರ ಕೋಳಿಗಳಿಗೆಲ್ಲಾ ಒಟ್ಟಾಗಿ ಇಟ್ಟಿರೋ ಹೆಸರು. ಫೀಡ್ ಸ್ಟೋರ್‌ನಲ್ಲಿ "ಅಮೆರಿಕಾನಾ" ಅಂತಲೋ "ಅರೌಕಾನಾ/ಅಮೆರಾಕಾನಾ" ಅಂತ ಎರಡೂ ಸೇರಿಸಿಯೋ ಚೀಟಿ ಅಂಟಿಸಿ ಮೂರು ನಾಲ್ಕು ಡಾಲರ್‌ಗೆ ಕೊಡ್ತಾರಲ್ಲ, ಅದು ಬಹುಪಾಲು ಇದೇ. ಒಳ್ಳೇ ಕೋಳಿ, ಚೆನ್ನಾಗಿ ಮೊಟ್ಟೆ ಇಡತ್ತೆ, ಸಾಧು ಸ್ವಭಾವ, ಮನೆಗೆ ಮೊಟ್ಟೆ ಸಾಕು ಅನ್ನೋರು ಖುಷಿಯಾಗಿ ತಗೊಳ್ಳಿ. ಪ್ಯೂರ್ ಅಂತ ಹೇಳಿ ಅದನ್ನೇ ಮಾರೋದು ಮಾತ್ರ ತಪ್ಪು.

ಹಂತ 3: ಕೋಳಿನ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ

ಫೋಟೋ ನೋಡಿ ತೀರ್ಮಾನ ಮಾಡ್ಬೇಡಿ. ಹೆಚ್ಚು ಗೊಂದಲ ಆಗೋದು ಅಮೆರಾಕಾನಾ ಮತ್ತು ಈಸ್ಟರ್ ಎಗ್ಗರ್ ನಡುವೆ, ಅದಕ್ಕೆ ಅದನ್ನೇ ವಿವರವಾಗಿ ಹೇಳ್ತೀನಿ.

ಕಾಲಿಂದ ಶುರು ಮಾಡಿ. ಪ್ಯೂರ್ ಅಮೆರಾಕಾನಾ ಕಾಲು ಸ್ಲೇಟ್ ಬಣ್ಣ, ಅಂದ್ರೆ ನೀಲಿ ಬೆರೆತ ಬೂದು, ಕಪ್ಪು ಕೋಳಿಗಳಲ್ಲಿ ಇನ್ನೂ ಗಾಢ. ಕೋಳಿನ ಮಗುಚಿ ಹಿಡಿದು ಪಾದದ ಅಡಿ ನೋಡಿ, ಅಡಿ ಬೆಳ್ಳಗಿರ್ಬೇಕು. ಅಡಿ ಹಳದಿ, ಕಾಲು ಹಸಿರು ಛಾಯೆ ಅಂದ್ರೆ ಹಳದಿ ಚರ್ಮದ ಜೀನ್ ಒಳಗಿದೆ, ಅದು ಈಸ್ಟರ್ ಎಗ್ಗರ್. ನಾನು ನೋಡಿರೋ ಹಾಗೆ ಹತ್ತರಲ್ಲಿ ಎಂಟು ಅನುಮಾನ ಈ ಪಾದದ ಅಡಿಯಲ್ಲೇ ಬಗೆಹರಿಯತ್ತೆ, ಆದ್ರೂ ಜನ ಕೋಳಿನ ಮಗುಚಿ ನೋಡೋದೇ ಇಲ್ಲ. (ಅರೌಕಾನಾಗೆ ಈ ಲೆಕ್ಕ ಬೇರೆ, ಅದರಲ್ಲಿ ಹಸಿರು ಛಾಯೆಯ ಕಾಲು ಸರಿಯೇ.)

ಆಮೇಲೆ ಜುಟ್ಟು. ತಲೆ ಮೇಲಿನ ಕೆಂಪು ಮಾಂಸದ ಜುಟ್ಟು ನಾಟಿ ಹುಂಜದ ತರ ಗರಗಸದಂತೆ ಎದ್ದು ನಿಂತಿರಬಾರದು, ಚಿಕ್ಕದಾಗಿ ತಲೆಗೆ ಅಂಟ್ಕೊಂಡು ಮೂರು ಸಾಲು ಗುಳ್ಳೆ ಇದ್ದ ಹಾಗಿರತ್ತೆ, ಇದಕ್ಕೆ ಪೀ ಕೋಂಬ್ ಅಂತಾರೆ. ಈ ಜುಟ್ಟಿನ ಜೀನೂ ನೀಲಿ ಮೊಟ್ಟೆ ಜೀನೂ ಒಂದೇ ಕ್ರೋಮೋಸೋಮ್ ಮೇಲೆ ತೀರಾ ಹತ್ತಿರ ಕೂತಿವೆ, ಹಾಗಾಗಿ ಬಹುತೇಕ ಒಟ್ಟಿಗೇ ಮರಿಗೆ ಹೋಗ್ತವೆ. ಹಾಗಾಗಿ ಇನ್ನೂ ಮೊಟ್ಟೆ ಇಡದ ಮಿಶ್ರ ಮರಿಯಲ್ಲಿ ಪೀ ಕೋಂಬ್ ಕಂಡ್ರೆ ನೀಲಿ ಬರೋ ಸಾಧ್ಯತೆ ಹೆಚ್ಚು, ಆದ್ರೆ ಗ್ಯಾರಂಟಿ ಅಲ್ಲ. ಕ್ರೀಮ್ ಲೆಗ್‌ಬಾರ್‌ಗೆ ಇದು ಅನ್ವಯಿಸಲ್ಲ, ಅದರದ್ದು ನೇರ ಎದ್ದು ನಿಲ್ಲೋ ಒಂಟಿ ಜುಟ್ಟು, ಜೊತೆಗೆ ಹಿಂದೆ ಪುಕ್ಕದ ಕುಚ್ಚು.

ಮುಖದಲ್ಲಿ ಗಡ್ಡ, ಕೆನ್ನೆ ಮೇಲೆ ಉಬ್ಬಿದ ಪುಕ್ಕ ಎರಡೂ ಇರ್ಬೇಕು. ಆದ್ರೆ ಈಸ್ಟರ್ ಎಗ್ಗರ್‌ಗಳಲ್ಲೂ ಗಡ್ಡ ಇರತ್ತೆ, ಹಾಗಾಗಿ ಗಡ್ಡ ಇಲ್ಲದಿದ್ರೆ ಪ್ಯೂರ್ ಅಲ್ಲ ಅಂತ ಹೇಳ್ಬಹುದೇ ಹೊರತು ಗಡ್ಡ ಇದ್ರೆ ಪ್ಯೂರ್ ಅಂತ ಅಲ್ಲ. ಬಾಲ ಇರ್ಬೇಕು, ಕಿವಿಹಾಲೆ ಚಿಕ್ಕದು, ಕೆಂಪು.

ಕೊನೇಲಿ ಪುಕ್ಕದ ಬಣ್ಣ. ಕಪ್ಪು, ಬ್ಲೂ, ಬ್ಲೂ ವೀಟನ್, ಬ್ರೌನ್ ರೆಡ್, ಬಫ್, ಸಿಲ್ವರ್, ವೀಟನ್, ಬಿಳಿ, ಆಮೇಲೆ ಇತ್ತೀಚೆಗೆ ಸೇರಿದ ಸೆಲ್ಫ್ ಬ್ಲೂ ಅಂದ್ರೆ ಲ್ಯಾವೆಂಡರ್, ಇಷ್ಟು ಬಣ್ಣಗಳಿಗೆ ಮಾನ್ಯತೆ ಇದೆ. ಕಂದು, ಹೊಂಬಣ್ಣ, ಕಪ್ಪು ಚುಕ್ಕಿ ಎಲ್ಲಾ ಕಲಸಿದಂಗಿರೋ ಕೋಳಿ ನೋಡೋಕೆ ಚೆನ್ನಾಗಿರತ್ತೆ ನಿಜ, ಆದ್ರೆ ಅದು ಯಾವ ಬಣ್ಣದ ಪಟ್ಟಿಗೂ ಸೇರಲ್ಲ.

ಎಚ್ಚರಿಕೆ: ಇಷ್ಟರಲ್ಲಿ ಒಂದು ತಪ್ಪಿದ್ರೂ ಪ್ಯೂರ್ ಅಂತ ದುಡ್ಡು ಕೊಡ್ಬೇಡಿ, "ಮೊಟ್ಟೆ ನೀಲಿನೇ ಇಡೋದು, ಬೇಕಿದ್ರೆ ನೋಡಿ" ಅಂತ ತೋರಿಸಿದ್ರೂ ಸಹ.

ಹಂತ 4: ಎಲ್ಲಿಂದ ತರ್ಬೇಕು

ಪ್ಯೂರ್ ಬೇಕು ಅಂದ್ರೆ ಆ ತಳಿಯನ್ನೇ ವರ್ಷಗಟ್ಟಲೆ ಸಾಕ್ತಿರೋ ಬ್ರೀಡರ್ ಹತ್ರಾನೇ ಹೋಗಿ. ಹೋದಾಗ ಮರಿಗಳ ತಂದೆ ತಾಯಿನ ತೋರಿಸಿ ಅನ್ನಿ, ತೋರಿಸೋಕೆ ಹಿಂಜರಿದ್ರೆ ವಾಪಸ್ ಬನ್ನಿ. ಈ ವರ್ಷ ಶುರುವಿನಲ್ಲಿ ಇಟ್ಟ ಮೊಟ್ಟೆಗಳ ಬಣ್ಣ ಕೇಳಿ, ಯಾಕಂದ್ರೆ ಎಲ್ಲಾ ನೀಲಿ ಮೊಟ್ಟೆ ಕೋಳಿಗಳೂ ಸೀಸನ್ ಶುರುವಲ್ಲಿ ಗಾಢವಾಗಿ ಇಟ್ಟು ಹೋಗ್ತಾ ಹೋಗ್ತಾ ಮಂಕಾಗ್ತವೆ, ಪುಕ್ಕ ಉದುರಿಸಿ ವಿಶ್ರಾಂತಿ ತಗೊಂಡ ಮೇಲೆ ಮತ್ತೆ ಬಣ್ಣ ಬರತ್ತೆ. ಫ್ಲಾಕ್ (ಅವರ ಕೋಳಿ ಹಿಂಡು) ಎನ್‌ಪಿಐಪಿಗೆ ಸೇರಿದೆಯಾ ಅಂತಾನೂ ಕೇಳಿ, ಅದು ಪುಲ್ಲೋರಮ್ ತರದ ರೋಗಗಳಿಗೆ ಟೆಸ್ಟ್ ಮಾಡ್ಸೋ ರಾಷ್ಟ್ರೀಯ ಯೋಜನೆ.

ಮರಿ ತಗೊಳ್ಳೋವಾಗ "ಸ್ಟ್ರೇಟ್ ರನ್" ಅಂದ್ರೆ ಗಂಡು ಹೆಣ್ಣು ವಿಂಗಡಿಸದೇ ಕೊಡೋದು ಅಂತ, ಅರ್ಧಕ್ಕರ್ಧ ಹುಂಜ ಆಗ್ಬಹುದು. ಅಮೆರಿಕಾದ ಎಷ್ಟೋ ಸಿಟಿಗಳಲ್ಲಿ ಹುಂಜ ಸಾಕಂಗಿಲ್ಲ, ಎಚ್‌ಒಎ (ಮನೆ ಮಾಲೀಕರ ಸಂಘ) ಇರೋ ಬಡಾವಣೆಯಲ್ಲಿ ಕೋಳಿಯೇ ಬೇಡ ಅನ್ನಬಹುದು, ಅದಕ್ಕೆ ಮರಿ ತರೋಕೆ ಮುಂಚೆ ಸಿಟಿ ನಿಯಮ ಓದ್ಕೊಳ್ಳಿ, ಪಕ್ಕದ ಮನೆಯವರ ಕಿವಿಗೂ ಒಂದು ಮಾತು ಹಾಕಿಡಿ. ಇಲ್ಲೇ ಕ್ರೀಮ್ ಲೆಗ್‌ಬಾರ್ ಉಪಯೋಗಕ್ಕೆ ಬರೋದು, ಮೊಟ್ಟೆಯಿಂದ ಆಚೆ ಬಂದ ದಿನಾನೇ ಗಂಡು ಹೆಣ್ಣು ಗೊತ್ತಾಗತ್ತೆ: ಹೆಣ್ಣುಮರಿ ಬೆನ್ನ ಮೇಲೆ ಅಳಿಲಿನ ಹಾಗೆ ಸ್ಪಷ್ಟವಾದ ಕಂದು ಪಟ್ಟೆ, ಗಂಡುಮರಿ ಮಸುಕು ಬೂದು, ನೆತ್ತಿ ಮೇಲೆ ತಿಳಿ ಚುಕ್ಕೆ. ಅಮೆರಾಕಾನಾದಲ್ಲಿ ಐದಾರು ವಾರ ಕಾಯ್ಬೇಕು, ಜುಟ್ಟಿನ ಮೂರು ಸಾಲು ಬೇಗ ಉಬ್ಬಿ ಕೆಂಪಾದ್ರೆ ಗಂಡು, ತೆಳ್ಳಗೆ ಬಿಳಿಚಿಕೊಂಡೇ ಇದ್ರೆ ಹೆಣ್ಣು ಅನ್ನೋದು ಸಾಮಾನ್ಯ ಲೆಕ್ಕ.

ಹಂತ 5: ಸಾಕೋದು

ಇದರಲ್ಲಿ ಬೇರೆ ಕೋಳಿಗಿಂತ ವಿಶೇಷ ಏನೂ ಇಲ್ಲ, ಅದಕ್ಕೆ ಬೇಗ ಹೇಳಿ ಮುಗಿಸ್ತೀನಿ.

ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ (95 ಫ್ಯಾರನ್‌ಹೀಟ್) ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಸ್ತಾ ಬನ್ನಿ. ಥರ್ಮಾಮೀಟರ್‌ಗಿಂತ ಮರಿಗಳನ್ನ ನೋಡಿ, ಎಲ್ಲಾ ದೀಪದ ಕೆಳಗೆ ಒತ್ಕೊಂಡಿದ್ರೆ ಚಳಿ ಆಗ್ತಿದೆ, ದೂರ ಓಡಿ ಬಾಯಿ ತೆರ್ಕೊಂಡಿದ್ರೆ ಸೆಕೆ. ಹೀಟ್ ಲ್ಯಾಂಪಿಂದ ಗ್ಯಾರೇಜ್‌ಗೆ ಬೆಂಕಿ ಬಿದ್ದಿರೋ ಉದಾಹರಣೆ ಬೇಕಾದಷ್ಟಿವೆ, ಹೀಟಿಂಗ್ ಪ್ಲೇಟ್ ಸಿಕ್ರೆ ಅದನ್ನೇ ತಗೊಳ್ಳಿ. ಚಿಕ್ ಸ್ಟಾರ್ಟರ್ ಆಹಾರ, ಹೆಚ್ಚುಕಮ್ಮಿ ಶೇ. 20 ಪ್ರೋಟೀನ್ ಇರೋದು. ಮರಿ ಮುದುಡಿ ಕೂತು ಹಿಕ್ಕೆಯಲ್ಲಿ ರಕ್ತ ಕಂಡ್ರೆ ಕಾಕ್ಸಿಡಿಯೋಸಿಸ್ (ಕರುಳಿನ ಪರೋಪಜೀವಿ ರೋಗ) ಇರ್ಬಹುದು, ನಾಳೆ ನೋಡೋಣ ಅನ್ಬೇಡಿ, ಅವತ್ತೇ ನೀರಿಗೆ ಆಂಪ್ರೋಲಿಯಂ ಅನ್ನೋ ಔಷಧಿ ಹಾಕೋಕೆ ಶುರು ಮಾಡಿ.

ಲೇಯರ್ ಫೀಡ್ ಅನ್ನೋದು ಮೊಟ್ಟೆ ಇಡೋ ಕೋಳಿಯದ್ದು, ಕ್ಯಾಲ್ಸಿಯಂ ಜಾಸ್ತಿ ಇರತ್ತೆ, ಬೇಗ ಮೊಟ್ಟೆ ಇಡ್ಲಿ ಅಂತ ಎಳೇ ಕೋಳಿಗೆ ಕೊಟ್ರೆ ಕಿಡ್ನಿ ಹಾಳಾಗತ್ತೆ. 18 ವಾರ ಆದ್ಮೇಲೆ ಇಲ್ಲಾ ಮೊದಲ ಮೊಟ್ಟೆ ಬಂದ್ಮೇಲೆ ಶುರು ಮಾಡಿ, ಸಿಂಪಿ ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ. ಅಮೆರಾಕಾನಾ ಮೊದಲ ಮೊಟ್ಟೆಗೆ ಐದರಿಂದ ಏಳು ತಿಂಗಳು ತಗೊಳ್ಳತ್ತೆ, ಆಮೇಲೂ ವಾರಕ್ಕೆ ಮೂರು ನಾಲ್ಕೇ. ಹಬ್ಬದ ದಿನ ಉಳಿದ ಚಿತ್ರಾನ್ನ, ಪುಳಿಯೋಗರೆ ತಂದು ಸುರಿಯೋರಿದಾರೆ, ಉಪ್ಪು ಎಣ್ಣೆ ಇರೋದು ಬೇಡ, ಬರೀ ಅನ್ನ ಸ್ವಲ್ಪ ಪರವಾಗಿಲ್ಲ. ಬೇಯಿಸದ ರಾಜ್ಮಾ ಅಂತೂ ವಿಷ.

ಗೂಡಲ್ಲಿ ಒಂದು ಕೋಳಿಗೆ ನಾಲ್ಕು ಚದರಡಿ, ಹೊರಗಿನ ಅಂಗಳದಲ್ಲಿ ಹತ್ತು ಚದರಡಿ. ಷಟ್ಕೋನದ ಕೋಳಿ ಬಲೆಯನ್ನ ರಕೂನ್ ಕೈಯಲ್ಲೇ ಹರಿದುಹಾಕತ್ತೆ, ಅರ್ಧ ಇಂಚಿನ ಹಾರ್ಡ್‌ವೇರ್ ಕ್ಲಾತ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಹಾಕಿ. ಮನೆ 1978ಕ್ಕಿಂತ ಹಳೇದಾದ್ರೆ ಗೋಡೆ ಪಕ್ಕದ ಮಣ್ಣಲ್ಲಿ ಹಳೇ ಪೇಂಟಿನ ಸೀಸ ಇರ್ಬಹುದು, ಅದು ಕೋಳಿ ಮೂಲಕ ಮೊಟ್ಟೆಗೆ ಬರತ್ತೆ, ಮಕ್ಕಳಿರೋ ಮನೆ ಆದ್ರೆ ಮಣ್ಣು ಟೆಸ್ಟ್ ಮಾಡಿಸಿಯೇ ಗೂಡು ಕಟ್ಟಿ.

ಗಡ್ಡದ ಕೋಳಿಗೆ ಮಾತ್ರ ಎರಡು ಹೆಚ್ಚಿನ ಕೆಲಸ: ತೆರೆದ ಬಟ್ಟಲಲ್ಲಿ ನೀರಿಟ್ರೆ ಗಡ್ಡ ನೆನೆದು ಚಳಿಗಾಲದಲ್ಲಿ ಹೆಪ್ಪುಗಟ್ಟತ್ತೆ, ನಿಪ್ಪಲ್ ಇರೋ ನೀರಿನ ಬಕೆಟ್ ಒಳ್ಳೇದು, ಮತ್ತೆ ಹೇನು ನುಸಿ ಮೊದಲು ಸೇರ್ಕೊಳ್ಳೋದು ಆ ಗಡ್ಡದ ಬುಡದಲ್ಲೇ, ಆಗಾಗ ಬಿಡಿಸಿ ನೋಡಿ. 2022ರಿಂದ ಹಕ್ಕಿಜ್ವರ ಇಲ್ಲಿ ಬಿಟ್ಟಿಲ್ಲ, ಕಾಡು ಬಾತುಗಳು ಕೂರೋ ನೀರು ನಿಮ್ಮ ಕೋಳಿಗೆ ಸೋಕದ ಹಾಗೆ ನೋಡ್ಕೊಳ್ಳಿ.

ಹಂತ 6: ಮರಿ ಮಾಡಿಸೋದು, ಹುಂಜನ ಪರೀಕ್ಷೆ

ಇಲ್ಲೇ ಹೆಚ್ಚಿನೋರು ಎಡವೋದು. ಹುಂಜ ಮೊಟ್ಟೆ ಇಡಲ್ಲ, ಹಾಗಾಗಿ ಅದರೊಳಗೆ ನೀಲಿ ಜೀನ್ ಎರಡು ಪ್ರತಿ ಇದೆಯಾ, ಒಂದೇನಾ, ಇಲ್ವೇ ಇಲ್ವಾ ಅಂತ ನೋಡಿ ಹೇಳೋಕಾಗಲ್ಲ. ಆದ್ರೆ ಹುಟ್ಟೋ ಪ್ರತಿ ಹೆಣ್ಣುಮರಿಗೂ ಈ ನೀಲಿ ಜೀನ್‌ನ ಜೋಡಿಯಲ್ಲಿ ಅರ್ಧ ಬರೋದು ಅದರಿಂದಲೇ. ಎರಡು ಪ್ರತಿಯ ಹುಂಜಕ್ಕೆ ಎಂಥಾ ಹೇಂಟೆ ಕೂಡಿಸಿದ್ರೂ ಹುಟ್ಟಿದ ಹೇಂಟೆಗಳೆಲ್ಲಾ ನೀಲಿ ಅಥವಾ ಹಸಿರು ಇಡ್ತವೆ. ಒಂದು ಪ್ರತಿಯ ಹುಂಜನ ಒಂದು ಪ್ರತಿಯ ಹೇಂಟೆಗೆ ಕೂಡಿಸಿದ್ರೆ ನಾಲ್ಕರಲ್ಲಿ ಒಂದಕ್ಕೆ ನೀಲಿ ಬರಲ್ಲ, ಇದು ಈಸ್ಟರ್ ಎಗ್ಗರ್ ಜೋಡಿಗಳಲ್ಲಿ ದಿನಾ ಕೇಳೋ ಕಥೆ.

ಪರೀಕ್ಷೆ ಹೀಗೆ ಮಾಡಿ: ಹುಂಜನ ಬಿಳಿ ಮೊಟ್ಟೆ ಇಡೋ ಲೆಗ್‌ಹಾರ್ನ್ ಹೇಂಟೆಗಳ ಜೊತೆ ಬಿಡಿ. ಲೆಗ್‌ಹಾರ್ನ್ ಹತ್ರ ನೀಲಿ ಜೀನ್ ಇರಲ್ಲ, ಹಾಗಾಗಿ ಮರಿಗೆ ನೀಲಿ ಬಂದ್ರೆ ಅಪ್ಪನಿಂದಲೇ. ಮರಿ ಮಾಡಿಸಿ ಕನಿಷ್ಠ ಆರು ಹೆಣ್ಣು ಉಳಿಸ್ಕೊಂಡು ಮೊಟ್ಟೆ ಇಡೋ ತನಕ ಕಾಯಿರಿ. ಒಂದೇ ಒಂದು ಬಿಳಿ ಇಟ್ರೂ ಹುಂಜನಲ್ಲಿ ಎರಡು ಪ್ರತಿ ಇಲ್ಲ. ಆರೂ ನೀಲಿ ಇಟ್ರೆ? ಒಂದೇ ಪ್ರತಿಯ ಹುಂಜನಿಂದ ಹಾಗಾಗೋ ಸಾಧ್ಯತೆ 64ರಲ್ಲಿ 1, ನಿಶ್ಚಿಂತೆಯಾಗಿ ಬಳಸಿ. ಇಷ್ಟು ಕಾಯೋಕಾಗಲ್ಲ ಅನ್ನೋರಿಗೆ ಪುಕ್ಕ ಅಥವಾ ರಕ್ತದ ಸ್ಯಾಂಪಲ್ ಕಳ್ಸಿ ಮಾಡ್ಸೋ ಡಿಎನ್‌ಎ ಟೆಸ್ಟ್ ಇದೆ, ಅರ್ಧ ವರ್ಷ ಆರು ಕೋಳಿಗೆ ಹಾಕೋ ಆಹಾರದ ಖರ್ಚು ಲೆಕ್ಕ ಹಾಕಿದ್ರೆ ಅದೇ ಅಗ್ಗ ಅಂತ ನನ್ನ ಅಭಿಪ್ರಾಯ. ಆದ್ರೆ ಟೆಸ್ಟ್ ಹೇಳೋದು ನೀಲಿ ಜೀನ್ ಬಗ್ಗೆ ಮಾತ್ರ, ತಳಿ ಪ್ಯೂರ್ ಅಂತ ಅಲ್ಲ.

ಇನ್‌ಕ್ಯುಬೇಟರ್ ಆದ್ರೆ 37.5 ಡಿಗ್ರಿ, ತೇವಾಂಶ ಶೇ. 45ರಿಂದ 50, 18ನೇ ದಿನದಿಂದ ಹೊರಳಿಸೋದು ನಿಲ್ಲಿಸಿ ತೇವಾಂಶ 65ರ ಮೇಲಕ್ಕೆ ಏರಿಸಿ, 21ನೇ ದಿನಕ್ಕೆ ಮರಿ. ನೀಲಿ ಮೊಟ್ಟೆನ ಟಾರ್ಚ್ ಹಿಡಿದು ನೋಡೋದು ಬಿಳಿಗಿಂತ ಕಷ್ಟ, ಕತ್ತಲೆ ಕೋಣೆ, ಜೋರು ಬೆಳಕು ಬೇಕು.

ಅರೌಕಾನಾ ಸಾಕೋರಿಗೆ ವಿಶೇಷ ಎಚ್ಚರಿಕೆ: ಕಿವಿ ಕುಚ್ಚಿನ ಜೀನ್ ಎರಡು ಪ್ರತಿ ಬಂದ ಮರಿ ಮೊಟ್ಟೆಯೊಳಗೇ, ಸಾಮಾನ್ಯವಾಗಿ ಕೊನೇ ದಿನಗಳಲ್ಲಿ ಸಾಯತ್ತೆ. ಕುಚ್ಚಿರೋ ಹುಂಜಕ್ಕೆ ಕುಚ್ಚಿರೋ ಹೇಂಟೆ ಕೂಡಿಸಿದ್ರೆ ಕಾಲು ಭಾಗ ಮರಿ ಹೀಗೇ ಹೋಗ್ತವೆ, ನಿಮ್ಮ ಇನ್‌ಕ್ಯುಬೇಟರ್ ಕೆಟ್ಟಿದೆ ಅನ್ಕೋಬೇಡಿ. ಕುಚ್ಚಿರೋದಕ್ಕೆ ಕುಚ್ಚಿಲ್ಲದ್ದನ್ನ ಕೂಡಿಸಿ, ಆ ನಷ್ಟ ತಪ್ಪತ್ತೆ. ಈ ಒಂದು ಕಾರಣಕ್ಕೇ ಮೊದಲ ಸಲ ಸಾಕೋರಿಗೆ ನಾನು ಅರೌಕಾನಾ ಬೇಡ ಅನ್ನೋದು.

ಊರಿನವರ ಪ್ರಶ್ನೆಗಳು

ಕಡಕ್‌ನಾಥ್ ನೀಲಿ ಅಥವಾ ಕಪ್ಪು ಮೊಟ್ಟೆ ಇಡತ್ತಾ ಅಂತ ಕೇಳ್ತೀರ. ಇಲ್ಲ, ಮಾಂಸ ಕಪ್ಪಾದ್ರೂ ಮೊಟ್ಟೆ ತಿಳಿ ಕಂದು. 2025ರಲ್ಲಿ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ಒಂದು ಕೋಳಿ ನೀಲಿ ಮೊಟ್ಟೆ ಇಟ್ಟಿದ್ದು ದೊಡ್ಡ ಸುದ್ದಿ ಆಗಿತ್ತಲ್ಲ, ಹಾಗೇ ನಿಮ್ಮ ಮನೆ ಕೋಳಿ ಇಟ್ರೆ ಅದನ್ನ ಬೇರೆ ಗೂಡಲ್ಲಿ ಹಾಕಿ ಸಾಲಾಗಿ ಇಡೋ ಮೊಟ್ಟೆಗಳನ್ನ ದಿನಾಂಕ ಬರೆದು ಇಟ್ಕೊಳ್ಳಿ. ಜೀನ್ ಇದ್ರೆ ಪ್ರತಿ ಮೊಟ್ಟೆನೂ ನೀಲಿ ಬರ್ಬೇಕು, ಒಂದು ದಿನ ನೀಲಿ ಇನ್ನೊಂದು ದಿನ ಬಿಳಿ ಅಂದ್ರೆ ಜೀನ್ ಅಲ್ಲ. ಆನ್‌ಲೈನಲ್ಲಿ ಅರೌಕಾನಾ ಅಂತ ಮಾರೋರ ಹತ್ರ ತಗೊಳ್ಳೋ ಮುಂಚೆ ಒಂದು ಮೊಟ್ಟೆ ಒಡೆಸಿ ಒಳಮೈ ನೋಡಿ, ಬಣ್ಣ ಬಳಿದಿದ್ರೆ ಅಲ್ಲೇ ಸಿಕ್ಕಿಬೀಳತ್ತೆ, ಆಮೇಲೆ ಹಂತ 2ರಲ್ಲಿ ಹೇಳಿದ ಅರೌಕಾನಾ ಲಕ್ಷಣಗಳನ್ನ ಕೋಳಿ ಕೈಯಲ್ಲಿ ಹಿಡಿದು ಹೊಂದಿಸಿ ನೋಡಿ.

ಇಲ್ಲಿಂದ ಸೂಟ್‌ಕೇಸಲ್ಲಿ ಮರಿ ಮಾಡ್ಸೋ ಮೊಟ್ಟೆ ತರೋಕೆ ಮಾತ್ರ ಯಾರೂ ಹೇಳ್ಬೇಡಿ, ತರೋಕೂ ಹೋಗ್ಬೇಡಿ. ಜೀವಂತ ಕೋಳಿ, ಕಾವು ಮೊಟ್ಟೆ ಭಾರತಕ್ಕೆ ತರೋಕೆ ಕೇಂದ್ರ ಪಶುಪಾಲನಾ ಇಲಾಖೆಯ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್ ಬೇಕು, ಹಕ್ಕಿಜ್ವರ ಇರೋ ದೇಶದಿಂದ ಒಂದು ಮೊಟ್ಟೆ ಬಂದ್ರೂ ಊರಿನ ಕೋಳಿಗಳಿಗೆಲ್ಲಾ ಅಪಾಯ ಆಗ್ಬಹುದು. ಪರ್ಮಿಟ್ ಬಗ್ಗೆ ವಿಚಾರಿಸೋದಿದ್ರೆ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಿಂದ ಶುರು ಮಾಡಿ, ಯಾವ ಇಲಾಖೆಗೆ ಅರ್ಜಿ ಹಾಕ್ಬೇಕು ಅಂತ ಅಲ್ಲಿನ ಡಾಕ್ಟರನ್ನೇ ಕೇಳಿ.